ಅರಪೈಮಾ: ಮರಿ ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

ಅಕ್ವೇರಿಯಂ ಅಂಗಡಿಯಲ್ಲಿ ಗೇಣುದ್ದದ ಅರಪೈಮಾ ಮರಿ ನೋಡಿದರೆ ಯಾರಿಗೂ ಭಯ ಆಗುವುದಿಲ್ಲ. ಬೂದು ಮೈ, ಮೇಲಕ್ಕೆ ತಿರುಗಿದ ಬಾಯಿ, ಅವಸರವಿಲ್ಲದ ಈಜು. ಇದೇ ಮೀನು ತನ್ನ ಊರಾದ ಅಮೆಜಾನ್ ಬಯಲಿನ ಕೆರೆಗಳಲ್ಲಿ 2 ಮೀಟರ್ ದಾಟುವುದು ಮಾಮೂಲು. 3 ಮೀಟರ್ ಉದ್ದ, 200 ಕಿಲೋ ತೂಕದವರೆಗೂ ಬೆಳೆಯಬಲ್ಲದು. ಬ್ರೆಜಿಲ್‌ನಲ್ಲಿ ಇದಕ್ಕೆ ಪಿರಾರುಕು ಅನ್ನುತ್ತಾರೆ, ಪೆರುವಿನಲ್ಲಿ ಪೈಚೆ. ಗಯಾನಾದವರು ನಮ್ಮ ಹಾಗೆ ಅರಪೈಮಾ ಅಂತಲೇ ಕರೆಯುತ್ತಾರೆ.

ಈ ಲೇಖನ ಮೂರು ಬಗೆಯ ಓದುಗರಿಗೆ. ಮರಿ ಕೊಳ್ಳಬೇಕು ಅಂತ ಮನಸ್ಸು ಮಾಡಿದವರಿಗೆ, ಈ ಮೀನನ್ನು ಅದರ ಊರಲ್ಲೇ ನೋಡಬೇಕು ಅನ್ನುವವರಿಗೆ, ಮತ್ತೆ ಅಲ್ಲಿನ ಜನ ಇದನ್ನು ಹೇಗೆ ಹಿಡಿದು ಬಳಸುತ್ತಾರೆ ಅಂತ ತಿಳಿಯುವ ಕುತೂಹಲ ಇರುವವರಿಗೆ. ಮೂವರಿಗೂ ನನ್ನದು ಒಂದೇ ಮಾತು: ಮೊದಲು ಅದರ ಉಸಿರಾಟ ಅರ್ಥ ಮಾಡಿಕೊಳ್ಳಿ. ಬೇಟೆ, ಎಣಿಕೆ, ಸಾಕಣೆ, ಎಲ್ಲವೂ ಆ ಒಂದು ಎಳೆಯಿಂದ ಬಿಚ್ಚಿಕೊಳ್ಳುತ್ತವೆ.

1. ಗುರುತು ಹಿಡಿಯಿರಿ

ಅಂಗಡಿಯವರು "ಮಾನ್ಸ್ಟರ್ ಫಿಶ್" ಅಂತ ಮಾರುವ ಮೀನುಗಳಲ್ಲಿ ಮೂರು ಒಂದಕ್ಕೊಂದು ಗೊಂದಲ ಹುಟ್ಟಿಸುತ್ತವೆ. ಗದ್ದದಲ್ಲಿ ಎರಡು ಮೀಸೆ ಇದ್ದರೆ ಅದು ಅರೋವಾನಾ. ಮೂತಿ ಮೊಸಳೆಯ ಹಾಗೆ ಉದ್ದವಾಗಿದ್ದು ಚೂಪು ಹಲ್ಲು ಹೊರಗೆ ಕಾಣುತ್ತಿದ್ದರೆ ಅಲಿಗೇಟರ್ ಗಾರ್. ಅರಪೈಮಾಗೆ ಮೀಸೆಯೂ ಇಲ್ಲ, ಉದ್ದ ಮೂತಿಯೂ ಇಲ್ಲ. ತಲೆ ಮೇಲಿನಿಂದ ಒತ್ತಿದ ಹಾಗೆ ಚಪ್ಪಟೆ. ಮೈ ದುಂಡಗೆ, ಉದ್ದಕ್ಕೆ. ಬೆನ್ನಿನ ರೆಕ್ಕೆಯೂ ಹೊಟ್ಟೆಯ ಕೆಳಗಿನ ರೆಕ್ಕೆಯೂ ತೀರಾ ಹಿಂದೆ, ಬಾಲದ ಹತ್ತಿರ ಇರುತ್ತವೆ. ದೂರದಿಂದ ನೋಡಿದರೆ ಎರಡು ರೆಕ್ಕೆಯೂ ಬಾಲವೂ ಸೇರಿ ಒಂದೇ ದಪ್ಪ ಬಾಲದಂತೆ ಕಾಣುತ್ತವೆ. ದೊಡ್ಡ ಮೀನಿಗೆ ಮೈಯ ಹಿಂಭಾಗದ ಹುರುಪೆಗಳ ಅಂಚಿನಲ್ಲಿ ಕೆಂಪು ಬಣ್ಣ ಬರುತ್ತದೆ.

ಅರೋವಾನಾ ಇದರ ನೆಂಟ. ನಮ್ಮ ನದಿಗಳ ಚಿತಲ ಮೀನೂ ದೂರದ ನೆಂಟನೇ. ಈ ಬಳಗದ ಮೀನುಗಳಿಗೆ ನಾಲಿಗೆಯಲ್ಲಿ ಮೂಳೆ ಇದೆ. ಆ ನಾಲಿಗೆಗೂ ಒಂದು ಉಪಯೋಗ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎಲ್ಲವನ್ನೂ ಒಂದೇ ಜಾತಿ ಅಂತ ಬಹಳ ಕಾಲ ಎಣಿಸಿದ್ದರು: ಅರಪೈಮಾ ಜೈಗಾಸ್. 2013ರಲ್ಲಿ ಡೊನಾಲ್ಡ್ ಸ್ಟೂವರ್ಟ್ ಅನ್ನುವ ಮೀನು ವಿಜ್ಞಾನಿ ಹಳೆಯ ಇನ್ನೊಂದು ಹೆಸರಿಗೆ ಜೀವ ಕೊಟ್ಟು, ಹೊಸದಾಗಿ ಅರಪೈಮಾ ಲೆಪ್ಟೊಸೋಮಾ ಅನ್ನುವ ಜಾತಿಯನ್ನೂ ವಿವರಿಸಿದರು. ಅಂಗಡಿಯ ಮರಿ ಇದರಲ್ಲಿ ಯಾವುದು ಅಂತ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಕೇಳಿ ಪ್ರಯೋಜನ ಇಲ್ಲ.

2. ಗಡಿಯಾರ ಹಿಡಿದು ಉಸಿರು ನೋಡಿ

ಅರಪೈಮಾ ಇರುವ ತೊಟ್ಟಿ ಎಲ್ಲಾದರೂ ಸಿಕ್ಕರೆ ಮೊಬೈಲ್‌ನ ಸ್ಟಾಪ್‌ವಾಚ್ ಹಾಕಿ ನಿಂತುಕೊಳ್ಳಿ. ಒಂದು ಮೀನನ್ನು ಆರಿಸಿ, ಅದನ್ನೇ ನೋಡುತ್ತಿರಿ. ನಿಧಾನವಾಗಿ ಮೇಲೆ ಬರುತ್ತದೆ. ಮೂತಿ ನೀರಿನಿಂದ ಹೊರಗೆ ಬಂದ ಕೂಡಲೇ ಗೊಳಕ್ ಅಂತ ಒಂದು ಸದ್ದು, ಕೆಮ್ಮಿದ ಹಾಗೆ. ಬೆನ್ನು ಹೊರಳುತ್ತದೆ, ಬಾಲದ ಕೆಂಪು ಕ್ಷಣಕಾಲ ಕಾಣುತ್ತದೆ, ಮೀನು ಮತ್ತೆ ಕೆಳಗೆ. ಬೆಳೆದ ಮೀನಾದರೆ ಇನ್ನೊಂದು ಸಲ ಮೇಲೆ ಬರಲು 10ರಿಂದ 20 ನಿಮಿಷ. ಮರಿಗಳು ಇನ್ನೂ ಬೇಗ ಬೇಗ ಬರುತ್ತವೆ.

ಇದು ಆಟ ಅಲ್ಲ, ಬದುಕುವ ದಾರಿ. ಮೊಟ್ಟೆಯಿಂದ ಹೊರಬಂದ ಹೊಸತರಲ್ಲಿ ಮರಿ ಎಲ್ಲ ಮೀನುಗಳ ಹಾಗೆ ಕಿವಿರಿನಿಂದಲೇ ಉಸಿರಾಡುತ್ತದೆ. ಕೆಲವು ದಿನ ಕಳೆದ ಮೇಲೆ ಮೇಲೆ ಬಂದು ಗಾಳಿ ನುಂಗಲು ಶುರು ಮಾಡುತ್ತದೆ. ಬೆಳೆಯುತ್ತಾ ಹೋದ ಹಾಗೆ ಕಿವಿರಿನ ಎಸಳುಗಳು ಮೊಂಡಾಗುತ್ತವೆ. ಬೇರೆ ಮೀನುಗಳಲ್ಲಿ ತೇಲಲು ಮಾತ್ರ ಇರುವ ಗಾಳಿಚೀಲ ಇದರಲ್ಲಿ ಗಂಟಲಿಗೆ ಕೂಡಿಕೊಂಡು, ಒಳಗೆಲ್ಲ ರಕ್ತನಾಳಗಳ ಜಾಲ ಹರಡಿ, ಶ್ವಾಸಕೋಶದ ಕೆಲಸ ಮಾಡುತ್ತದೆ. ಬೆಳೆದ ಮೀನಿಗೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಳಿಯಿಂದಲೇ ಬರುತ್ತದೆ. ಹಾಗಂತ ಕಿವಿರು ದಂಡ ಅಲ್ಲ. ಇಂಗಾಲದ ಡೈಆಕ್ಸೈಡ್ ಹೊರಹಾಕಲು, ಮೈಯ ಉಪ್ಪಿನ ಹದ ಕಾಯಲು ಅದು ಬೇಕೇ ಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಸಾಕುವವರು ಎಡವುವುದು ಇಲ್ಲೇ.

ಇಷ್ಟೆಲ್ಲ ಯಾಕೆ ಬೇಕಾಯಿತು ಅಂದರೆ, ಅಮೆಜಾನ್ ಬಯಲಿನ ಕೆರೆಗಳ ನೀರು ಬೆಚ್ಚಗೆ, ಕೊಳೆತ ಎಲೆಗಳಿಂದ ತುಂಬಿರುತ್ತದೆ. ಬೇಸಿಗೆಯಲ್ಲಿ ಅದರಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಉಳಿದ ಮೀನುಗಳು ಸೋತು ನಿಂತಾಗ ಗಾಳಿ ನುಂಗುವ ಈ ದೈತ್ಯ ಆರಾಮಾಗಿ ಬೇಟೆಯಾಡುತ್ತದೆ. ಬಾಯಿ ಫಟ್ಟನೆ ತೆರೆದು ನೀರಿನ ಜೊತೆ ಮೀನನ್ನೂ ಒಳಗೆಳೆದುಕೊಳ್ಳುತ್ತದೆ. ಆದರೆ ಲಾಭದ ಜೊತೆಗೆ ಸಾಲವೂ ಇದೆ. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಅರಪೈಮಾ ನೀರಿನಲ್ಲಿ ಮುಳುಗಿ ಸಾಯುತ್ತದೆ. ಇನ್ನೊಂದು, ಎಲ್ಲಿ ಅಡಗಿದ್ದರೂ ಕಾಲು ಗಂಟೆಗೊಮ್ಮೆ ತಾನೆಲ್ಲಿದ್ದೇನೆ ಅಂತ ಸದ್ದು ಮಾಡಿ ತೋರಿಸಿಕೊಡಲೇಬೇಕು. ಈಟಿ ಹಿಡಿದು ದೋಣಿಯಲ್ಲಿ ಕೂತವನಿಗೆ ಅಷ್ಟು ಸಾಕು.

3. ನೀರು ಏರುವ, ಇಳಿಯುವ ಲೆಕ್ಕ

ಬ್ರೆಜಿಲ್‌ನ ಅಮೆಜೋನಾಸ್ ರಾಜ್ಯದ ಮಮಿರವಾ ಪ್ರದೇಶದಲ್ಲಿ ವರ್ಷದೊಳಗೆ ನೀರಿನ ಮಟ್ಟ 10ರಿಂದ 12 ಮೀಟರ್ ಏರಿಳಿಯುತ್ತದೆ. ಅಂದರೆ ಮೂರು ಅಂತಸ್ತಿನ ಮನೆ ಮುಳುಗುವಷ್ಟು. ನೀರು ಏರಿದಾಗ ಕಾಡೇ ಕೆರೆ. ಅರಪೈಮಾ ಮರಗಳ ನಡುವೆ ಈಜುತ್ತಾ ಹೋಗುತ್ತದೆ, ಆಗ ಅದನ್ನು ಹುಡುಕುವುದು ಕಷ್ಟ. ನೀರು ಇಳಿದಾಗ, ಸೆಪ್ಟೆಂಬರ್‌ನಿಂದ ನವೆಂಬರ್ ಆಸುಪಾಸಿನಲ್ಲಿ, ಎಲ್ಲ ಮೀನೂ ಉಳಿದ ಕೆರೆಗಳಿಗೆ ಬಂದು ಸೇರುತ್ತವೆ. ಎಣಿಕೆಯೂ ಬೇಟೆಯೂ ಆಗಲೇ.

ನೀರು ಮತ್ತೆ ಏರತೊಡಗುವ ಹೊತ್ತಿಗೆ ಸಂಸಾರ ಶುರು. ಗಂಡು ಹೆಣ್ಣು ಸೇರಿ ಆಳವಿಲ್ಲದ ನೆಲದಲ್ಲಿ ಅರ್ಧ ಮೀಟರ್ ಅಗಲದ ಗುಂಡಿ ತೋಡುತ್ತವೆ. ಮರಿಗಳು ಹೊರಬಂದ ಮೇಲೆ ಕಾವಲಿನ ಜವಾಬ್ದಾರಿ ಹೆಚ್ಚಾಗಿ ಅಪ್ಪನದು. ಆಗ ಅವನ ತಲೆ ಕಪ್ಪಾಗುತ್ತದೆ. ಕಪ್ಪು ಮರಿಗಳ ಗುಂಪು ಆ ಕಪ್ಪು ತಲೆಯ ಮೇಲೇ ಸುತ್ತುತ್ತದೆ, ಅವನು ಗಾಳಿಗೆ ಮೇಲೆ ಬಂದರೆ ಅವೂ ಮೇಲೆ. ಸುಮಾರು ಮೂರು ತಿಂಗಳು ಹೀಗೆ ನಡೆಯುತ್ತದೆ. ನಮ್ಮ ಕೆರೆಗಳಲ್ಲಿ ಕೊರಮೀನು, ಅಂದರೆ ಮುರೆಲ್, ತನ್ನ ಮರಿಗಳ ಗುಂಪನ್ನು ಕಾಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅದೂ ಗಾಳಿ ಉಸಿರಾಡುವ ಮೀನೇ.

ಇದರಿಂದ ಬೇಟೆಯ ಒಂದು ನಿಯಮ ತಾನಾಗೇ ಹುಟ್ಟುತ್ತದೆ. ಮರಿಗಳ ಜೊತೆಗಿರುವ ಅಪ್ಪನನ್ನು ಹಿಡಿದರೆ ಒಂದು ಮೀನು ಹೋಗುವುದಲ್ಲ, ಆ ಗುಂಪೇ ಹೋಗುತ್ತದೆ. ಹಾಗಾಗಿ ಅಮೆಜೋನಾಸ್‌ನಲ್ಲಿ ಡಿಸೆಂಬರ್‌ನಿಂದ ಮೇ ತನಕ ಹಿಡಿಯುವಂತಿಲ್ಲ. ಒಂದೂವರೆ ಮೀಟರ್‌ಗಿಂತ ಚಿಕ್ಕದನ್ನೂ ಹಿಡಿಯುವಂತಿಲ್ಲ, ಯಾಕೆಂದರೆ ಆ ಗಾತ್ರ ಮುಟ್ಟುವ ಹೊತ್ತಿಗಷ್ಟೇ ಅದು ಮೊಟ್ಟೆ ಇಡುವ ವಯಸ್ಸಿಗೆ ಬಂದಿರುತ್ತದೆ.

4. ಮಮಿರವಾದವರ ಹಾಗೆ ಎಣಿಸುವುದು

ನನಗೆ ಈ ಮೀನಿನ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ನದಿಯಲ್ಲಿ ಎಷ್ಟು ಮೀನಿದೆ ಅಂತ ಎಣಿಸುವುದು ಸಾಮಾನ್ಯವಾಗಿ ಆಗದ ಕೆಲಸ. ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು ಅಂದಾಜು ಮಾಡಬೇಕು. ಅದಕ್ಕೆ ದುಡ್ಡೂ ಬೇಕು, ತಿಂಗಳುಗಟ್ಟಲೆ ಸಮಯವೂ ಬೇಕು. ಅರಪೈಮಾ ತಾನಾಗೇ ಮೇಲೆ ಬರುವುದರಿಂದ ಹಳೆಯ ಈಟಿಗಾರರು ಕಣ್ಣಿನಲ್ಲೇ ಎಣಿಸುತ್ತಾರೆ. ಬ್ರೆಜಿಲ್‌ನ ವಿಜ್ಞಾನಿ ಲಿಯಾಂಡ್ರೊ ಕಸ್ಟೆಲ್ಲೊ ಈ ಮೀನುಗಾರರ ಜೊತೆ ಕೂತು ಆ ವಿದ್ಯೆಯನ್ನು ಒಂದು ಕ್ರಮಕ್ಕೆ ತಂದು, 2004ರಲ್ಲಿ ಪ್ರಕಟಿಸಿದರು.

ಮಾಡುವುದು ಹೀಗೆ. ನೀರು ಕಡಿಮೆ ಇರುವ ಕಾಲದಲ್ಲಿ, ಗಾಳಿ ಮಳೆ ಜಾಸ್ತಿ ಇಲ್ಲದ ದಿನ ಕೆರೆಗೆ ಹೋಗುತ್ತಾರೆ. ಕೆರೆಯನ್ನು ಪಾಲು ಮಾಡಿಕೊಂಡು, ಒಬ್ಬೊಬ್ಬರಿಗೆ ಕಣ್ಣಿಗೂ ಕಿವಿಗೂ ನಿಲುಕುವಷ್ಟು ನೀರು ಕೊಡುತ್ತಾರೆ. ದೋಣಿ ನಿಲ್ಲಿಸಿ ಮಾತಿಲ್ಲದೆ 20 ನಿಮಿಷ ಕೂರಬೇಕು. 20 ಯಾಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ಅಷ್ಟರಲ್ಲಿ ಬೆಳೆದ ಪ್ರತಿ ಮೀನೂ ಒಂದು ಸಲವಾದರೂ ಮೇಲೆ ಬಂದಿರುತ್ತದೆ. 1 ಮೀಟರ್‌ಗಿಂತ ಚಿಕ್ಕದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1ರಿಂದ ಒಂದೂವರೆ ಮೀಟರ್‌ನದು ಒಂದು ಗುಂಪು, ಅದಕ್ಕಿಂತ ದೊಡ್ಡದು ಇನ್ನೊಂದು ಗುಂಪು. ಸಮಯ ಮುಗಿದ ಮೇಲೆ ಎಲ್ಲರ ಸಂಖ್ಯೆ ಕೂಡಿಸಿ, ಮುಂದಿನ ಜಾಗಕ್ಕೆ.

ಹೇಳಲು ಸುಲಭ. ಆದರೆ ಒಂದೇ ಮೀನು ಎರಡು ಸಲ ಬಂದರೆ? ಅದನ್ನು ಗುರುತಿಸುವುದೇ ವಿದ್ಯೆ. ಸದ್ದು ಎಷ್ಟು ಗಟ್ಟಿ, ನೀರು ಎಷ್ಟು ಕಲಕಿತು, ಬೆನ್ನಿನ ಬಣ್ಣ ಎಂಥದ್ದು, ಯಾವ ದಿಕ್ಕಿಗೆ ಹೊರಳಿತು, ಇಷ್ಟರಲ್ಲೇ ಅನುಭವಿ ಮೀನುಗಾರ ಇದು ಆಗಲೇ ಬಂದದ್ದು, ಇದು ಬೇರೆ ಅಂತ ಹೇಳುತ್ತಾನೆ. ಹಾಗೇ ಸುಮ್ನೆ ನಂಬಲಿಲ್ಲ, ಪರೀಕ್ಷೆ ಮಾಡಿದರು. ಮೀನುಗಾರರ ಎಣಿಕೆಯನ್ನು ಗುರುತು ಹಾಕಿ ಬಿಡುವ ವಿಧಾನದ ಅಂದಾಜಿನ ಜೊತೆ ಹೋಲಿಸಿದಾಗ ಎರಡೂ ತೀರಾ ಹತ್ತಿರ ಬಂದವು.

ಎಣಿಕೆ ಮುಗಿದ ಮೇಲೆ ಪಾಲು ನಿಗದಿಯಾಗುತ್ತದೆ. ದೊಡ್ಡ ಮೀನುಗಳಲ್ಲಿ ಹೆಚ್ಚೆಂದರೆ ಶೇ 30ರಷ್ಟನ್ನು ಮಾತ್ರ ಹಿಡಿಯಬಹುದು. ಬ್ರೆಜಿಲ್‌ನ ಪರಿಸರ ಇಲಾಖೆ ಇಬಾಮಾ ಒಪ್ಪಿಗೆ ಕೊಡಬೇಕು. ಹಿಡಿದ ಪ್ರತಿ ಮೀನಿಗೂ ನಂಬರಿನ ಬಿಲ್ಲೆ ಕಟ್ಟಿ, ಉದ್ದ, ತೂಕ, ಗಂಡೋ ಹೆಣ್ಣೋ ಬರೆದಿಡುತ್ತಾರೆ. ಉಳಿದ ಶೇ 70ರಷ್ಟು ಮುಂದಿನ ವರ್ಷಕ್ಕೆ. ಇಂಥ ಒಪ್ಪಿಗೆ ಇಲ್ಲದೆ ಈ ಮೀನನ್ನು ಹಿಡಿಯುವುದಕ್ಕೇ ಅಮೆಜೋನಾಸ್‌ನಲ್ಲಿ 1996ರಿಂದ ನಿಷೇಧ ಇದೆ, ಆದರೂ ಮೊದಲು ಕಳ್ಳಬೇಟೆ ನಿಂತಿರಲಿಲ್ಲ. 1999ರಲ್ಲಿ ಮಮಿರವಾದಲ್ಲಿ ಈ ಪದ್ಧತಿ ಶುರುವಾದ ಮೇಲೆ ಅಲ್ಲಿ ಮೀನು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಆಯಿತು. ಅದೇ ರಾಜ್ಯದ ಜುರುವಾ ನದಿಯ ಬಳಿ ಮಾಡಿದ ಒಂದು ಅಧ್ಯಯನ 2016ರಲ್ಲಿ ಬಂತು. ಊರವರು ಕಾವಲು ಕಾಯುವ ಕೆರೆಗಳಲ್ಲಿ ಸರಾಸರಿ 300ರಷ್ಟು ಅರಪೈಮಾ. ಯಾರು ಬೇಕಾದರೂ ಬಲೆ ಹಾಕಬಹುದಾದ ಕೆರೆಗಳಲ್ಲಿ ಸರಾಸರಿ 9. ಕಾಗದದ ನಿಷೇಧಕ್ಕಿಂತ ದೋಣಿಯಲ್ಲಿ ಕೂತು ರಾತ್ರಿ ಕಾಯುವವನಿಗೆ ಒಂದು ಪಾಲು ಸಿಗುವುದು ಜಾಸ್ತಿ ಕೆಲಸ ಮಾಡಿದೆ ಅಂತ ನನ್ನ ಅಭಿಪ್ರಾಯ.

5. ನೋಡಲು ಹೋಗುವುದಾದರೆ

ಅಮೆಜಾನ್‌ವರೆಗೆ ಹೋಗಲಾಗದವರಿಗೆ ಸಿಂಗಾಪುರ. ಅಲ್ಲಿನ ರಿವರ್ ವಂಡರ್ಸ್ ಅನ್ನುವ ಪ್ರಾಣಿ ಉದ್ಯಾನದಲ್ಲಿ ಅಮೆಜಾನಿನ ಮುಳುಗಿದ ಕಾಡಿನ ದೊಡ್ಡ ತೊಟ್ಟಿಯಿದೆ, ಅದರಲ್ಲಿ ಅರಪೈಮಾ ಇವೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಸಲೀಸು.

ಕಾಡಿನಲ್ಲೇ ನೋಡಬೇಕು ಅನ್ನುವವರಿಗೆ ಗಯಾನಾದ ರುಪುನುನಿ ಪ್ರದೇಶದ ರೇವಾ ಹಳ್ಳಿ. ಇಲ್ಲಿನ ಮೂಲನಿವಾಸಿಗಳೇ ಲಾಡ್ಜ್ ನಡೆಸುತ್ತಾರೆ. ಎಣಿಸುವ ವಿದ್ಯೆಯನ್ನು ರುಪುನುನಿಯವರು ಕಲಿತದ್ದು ಮಮಿರವಾದ ಮೀನುಗಾರರಿಂದಲೇ. ಗಾಳ ಹಾಕಿ ಹಿಡಿದು ಮತ್ತೆ ಬಿಡುವ ಆಟಕ್ಕೆ ಜಗತ್ತಿನ ಬೇರೆ ಬೇರೆ ಕಡೆಯಿಂದ ಜನ ಬರುತ್ತಾರೆ. ನೀವೂ ಹಾಗೆ ಹಿಡಿದರೆ ಒಂದು ಮಾತು: ಮೀನನ್ನು ದೋಣಿಗೆ ಎತ್ತಬೇಡಿ, ನೀರಲ್ಲೇ ಹಿಡಿದುಕೊಳ್ಳಿ. ಅದು ಮೇಲೆ ಬಂದು ಗಾಳಿ ನುಂಗುವ ತನಕ ಬಿಡಬೇಡಿ. ದಣಿದ ಮೀನನ್ನು ಹಾಗೇ ಬಿಟ್ಟರೆ ತಳಕ್ಕೆ ಇಳಿದು ಮೇಲೆ ಬರಲಾಗದೆ ಸಾಯಬಹುದು. ನಿಮ್ಮ ಮುಖವನ್ನೂ ದೂರ ಇಡಿ. ಇದರ ತಲೆ ಗಟ್ಟಿ ಮೂಳೆ, ಒಮ್ಮೆ ಬೀಸಿದರೆ ಹಲ್ಲು ಹೋಗುತ್ತದೆ.

6. ಹಿಡಿದ ಮೀನಿನಲ್ಲಿ ಏನೇನು ಸಿಗುತ್ತದೆ

ಮೊದಲು ಮಾಂಸ. ಬಿಳಿ, ಗಟ್ಟಿ, ದೊಡ್ಡ ದೊಡ್ಡ ತುಂಡು. ಕಾರ್ಪ್ ಮೀನಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಸಣ್ಣ ಮುಳ್ಳುಗಳಿರುತ್ತವಲ್ಲ, ಅವು ಇದರಲ್ಲಿ ಇಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಮೀನನ್ನು ಅಗಲವಾದ ಹಾಳೆಗಳಂತೆ ಸೀಳಿ, ಉಪ್ಪು ತಿಕ್ಕಿ, ಬಿಸಿಲಿಗೆ ಒಣಗಿಸಿ, ಸುತ್ತಿಟ್ಟು ದೂರದ ಊರುಗಳಿಗೆ ಕಳಿಸುತ್ತಿದ್ದರು. ಪೋರ್ಚುಗೀಸರು ಬಕಲ್ಯಾವು, ಅಂದರೆ ಉಪ್ಪು ಹಾಕಿದ ಕಾಡ್ ಅನ್ನುವ ಕಡಲ ಮೀನಿಗೆ ಒಗ್ಗಿದವರು, ಹಾಗಾಗಿ ಇದಕ್ಕೆ ಅಮೆಜಾನಿನ ಬಕಲ್ಯಾವು ಅಂತ ಹೆಸರು ಬಿತ್ತು. ಮನೌಸ್ ನಗರದ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತದೆ.

ಅಲ್ಲಿನ ಹಬ್ಬದ ಅಡುಗೆ ಪಿರಾರುಕು ದೆ ಕಜಾಕಾ. ನಮ್ಮಲ್ಲಿ ಈ ಮೀನು ಸಿಗುವುದಿಲ್ಲ, ಸಿಗುವುದೂ ಬೇಡ. ಆದರೆ ಅಡುಗೆಯನ್ನು ಅಂಜಲ್ ಅಥವಾ ಮುರೆಲ್‌ನಲ್ಲಿ ಮಾಡಬಹುದು. ಉಪ್ಪುಮೀನಾದರೆ ಒಂದು ದಿನ ಪೂರ್ತಿ ನೀರಲ್ಲಿ ನೆನೆಸಿ, ನಾಲ್ಕೈದು ಸಲ ನೀರು ಬದಲಿಸಿ. ಹಸಿ ಮೀನಾದರೆ ಉಪ್ಪು ಸವರಿ ಒಂದು ಗಂಟೆ ಇಡಿ ಸಾಕು. ಬೇಯಿಸಿ, ಕೈಯಿಂದ ದಪ್ಪ ದಪ್ಪ ಎಸಳಾಗಿ ಬಿಡಿಸಿ. ಈರುಳ್ಳಿ, ಟೊಮೆಟೊ, ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪಿನ ಜೊತೆ ಎಣ್ಣೆಯಲ್ಲಿ ಬಾಡಿಸಿ. ಮರಗೆಣಸಿನ ಒರಟು ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು, ಸ್ವಲ್ಪ ತೆಂಗಿನ ಹಾಲು ಚಿಮುಕಿಸಿ ಮೆತ್ತಗೆ ಮಾಡಿ. ಮಾಗಿದ ನೇಂದ್ರ ಬಾಳೆಯನ್ನು ಉದ್ದಕ್ಕೆ ಸೀಳಿ ಕೆಂಪಗೆ ಕರಿಯಿರಿ. ಪಾತ್ರೆಯಲ್ಲಿ ಹಿಟ್ಟು, ಮೀನು, ಬಾಳೆ ಒಂದರ ಮೇಲೊಂದು ಹರಡಿ, ಮೇಲೆ ಬೇಯಿಸಿದ ಮೊಟ್ಟೆಯ ಬಿಲ್ಲೆ, ಆಲಿವ್ ಇಟ್ಟು ಬಿಸಿ ಮಾಡಿ. ಬಾಳೆಯ ಸಿಹಿ, ಮೀನಿನ ಉಪ್ಪು, ತೆಂಗಿನ ಹಾಲು. ಕರಾವಳಿಯವರಿಗೆ ಇದು ಪರಕೀಯ ರುಚಿ ಅನ್ನಿಸಲಾರದು.

ಇನ್ನು ಹುರುಪೆ. ದೊಡ್ಡ ಮೀನಿನ ಒಂದು ಹುರುಪೆ 10 ಸೆಂಟಿಮೀಟರ್‌ವರೆಗೂ ಉದ್ದ ಇರುತ್ತದೆ. ಕೈಯಲ್ಲಿ ಹಿಡಿದರೆ ಅರ್ಧ ಭಾಗ ನಯ, ಅರ್ಧ ಭಾಗ ಒರಟು. ನಯವಾದದ್ದು ಮುಂದಿನ ಹುರುಪೆಯ ಅಡಿ ಅಡಗಿದ್ದದ್ದು, ಒರಟಾದದ್ದು ಹೊರಗಿದ್ದದ್ದು. ಆ ಒರಟು ಭಾಗದಲ್ಲಿ ಅಲ್ಲಿನ ಹೆಂಗಸರು ಉಗುರು ಉಜ್ಜಿಕೊಳ್ಳುತ್ತಾರೆ. ಮರಕ್ಕೆ ಉಪ್ಪುಕಾಗದದ ಬದಲೂ ಬಳಸುತ್ತಾರೆ. ಒಣಗಿಸಿ, ಬಣ್ಣ ಹಾಕಿ ಓಲೆ ಹಾರ ಮಾಡಿ ಮಾರುತ್ತಾರೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ಹುರುಪೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕಾರಣ ಪಿರಾನ್ಯಾ. ಚೂಪು ಹಲ್ಲಿನ ಆ ಮೀನುಗಳ ಜೊತೆಗೇ ಅರಪೈಮಾ ಒಂದೇ ಕೆರೆಯಲ್ಲಿ ಬದುಕುತ್ತದೆ. ಹುರುಪೆಯ ಹೊರಪದರ ಗಟ್ಟಿ ಖನಿಜ, ಹಲ್ಲು ಅಲ್ಲಿ ತಡೆಯುತ್ತದೆ. ಒಳಗೆ ಕೊಲಾಜೆನ್ ನಾರಿನ ಪದರಗಳು, ಒಂದೊಂದು ಪದರವೂ ಒಂದೊಂದು ದಿಕ್ಕಿಗೆ ತಿರುಗಿಸಿ ಜೋಡಿಸಿದ ಹಾಗೆ. ಒತ್ತಡ ಬಿದ್ದಾಗ ನಾರುಗಳು ಜರುಗಿ, ತಿರುಗಿ, ಹಿಗ್ಗಿ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಬಿರುಕು ಒಂದೇ ಗೆರೆಯಲ್ಲಿ ಓಡುವುದಿಲ್ಲ. ಹಗುರ ಕವಚ ಮಾಡುವವರಿಗೆ ಇದು ಪಾಠ.

ನಾಲಿಗೆಯ ಮೂಳೆಯ ವಿಷಯ ಹೇಳುತ್ತೇನೆ ಅಂದಿದ್ದೆ. ಸಣ್ಣ ಸಣ್ಣ ಹಲ್ಲುಗಳಿರುವ ಆ ಮೂಳೆಯನ್ನು ಒಣಗಿಸಿದರೆ ಒಳ್ಳೆಯ ತುರಿಮಣೆ. ಗ್ವಾರಾನಾ ಅನ್ನುವ ಬೀಜದ ಹಿಟ್ಟನ್ನು ಗಟ್ಟಿ ಕಡ್ಡಿಯಂತೆ ಮಾಡಿಟ್ಟು, ಅದನ್ನು ಈ ನಾಲಿಗೆಯಲ್ಲಿ ತುರಿದು, ನೀರಿಗೆ ಕಲಸಿ ಕುಡಿಯುತ್ತಾರೆ. ಕಾಫಿಯ ಹಾಗೆ ನಿದ್ದೆ ಓಡಿಸುವ ಪಾನೀಯ ಅದು. ಚರ್ಮ ಹದ ಮಾಡಿದರೆ ಹುರುಪೆಯ ಗುಳಿಗಳು ಚೌಕುಳಿಯಂತೆ ಉಳಿದುಕೊಳ್ಳುತ್ತವೆ, ಬೂಟು, ಬ್ಯಾಗಿಗೆ ಬೇಡಿಕೆ ಇದೆ. ಮೊದಲು ಕಸದ ಪಾಲಾಗುತ್ತಿದ್ದ ಚರ್ಮ ಈಗ ಅಮೆರಿಕದ ಕೌಬಾಯ್ ಬೂಟಾಗುತ್ತಿದೆ.

7. ಸಾಕುವ ಆಸೆ ಇದ್ದರೆ ಈ ಲೆಕ್ಕ ಹಾಕಿ

ಬ್ರೆಜಿಲ್, ಪೆರುವಿನ ಕೊಳಗಳಲ್ಲಿ ಈ ಮೀನು ಒಂದೇ ವರ್ಷದಲ್ಲಿ 10 ಕಿಲೋ ದಾಟುತ್ತದೆ. ಕೃಷಿಕರಿಗೆ ಅದೇ ಆಕರ್ಷಣೆ. ಆದರೂ ಅಲ್ಲಿ ಇದು ತಿಲಾಪಿಯಾದಂತೆ ಹಬ್ಬಿಲ್ಲ. ಗಂಡು ಹೆಣ್ಣು ಹೊರಗಿನಿಂದ ಗುರುತಿಸುವುದು ಕಷ್ಟ. ಕಾರ್ಪ್ ಮೀನಿನ ಹಾಗೆ ಹಾರ್ಮೋನ್ ಚುಚ್ಚಿ ಬೇಕೆಂದಾಗ ಮೊಟ್ಟೆ ಇಡಿಸಲು ಆಗುವುದಿಲ್ಲ. ಜೋಡಿ ತಾವಾಗೇ ಕೂಡಬೇಕು. ಹಾಗಾಗಿ ಮರಿ ದುಬಾರಿ.

ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ನಾಲ್ಕಡಿ ತೊಟ್ಟಿ, ಅಂದರೆ 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ತುಂಬಿಸಿದರೆ 240 ಲೀಟರ್ ಚಿಲ್ಲರೆ. ಮರಿಗೆ ಇದು ಕೆಲವು ತಿಂಗಳ ಮನೆ, ಅಷ್ಟೇ. 2 ಮೀಟರ್ ಮೀನು ಆರಾಮಾಗಿ ತಿರುಗಬೇಕಾದರೆ ಕೊಳದ ಅಗಲ ಅದರ ಉದ್ದಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. 6 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅಂತ ಹಿಡಿಯಿರಿ. 36,000 ಲೀಟರ್. ಬೆಂಗಳೂರಿನಲ್ಲಿ 6,000 ಲೀಟರ್ ಟ್ಯಾಂಕರ್ ತರಿಸುವವರು ಆರು ಟ್ಯಾಂಕರ್ ಅಂತ ಓದಿಕೊಳ್ಳಬಹುದು. ಅದು ಒಂದು ಮೀನಿಗೆ, ನೀರು ಬದಲಿಸುವ ಲೆಕ್ಕ ಇನ್ನೂ ಬೇರೆ.

"ಗಾಳಿ ಉಸಿರಾಡುವ ಮೀನು ತಾನೇ, ಫಿಲ್ಟರ್ ಯಾಕೆ" ಅಂತ ಕೆಲವರು ವಾದ ಮಾಡುತ್ತಾರೆ. ಕರೆಂಟ್ ಹೋದಾಗ ಆಮ್ಲಜನಕ ಕಡಿಮೆಯಾಗಿ ಉಳಿದ ಮೀನು ಸತ್ತರೂ ಅರಪೈಮಾ ಉಳಿಯುತ್ತದೆ ಅನ್ನುವುದು ನಿಜ. ಆದರೆ ದಿನಕ್ಕೆ ಇಷ್ಟು ಮೀನು ತಿನ್ನುವ ಪ್ರಾಣಿ ಅಷ್ಟೇ ಹೊಲಸನ್ನೂ ಮಾಡುತ್ತದೆ. ಅಮೋನಿಯಾ ಕಿವಿರನ್ನು ಸುಡುತ್ತದೆ, ಮತ್ತೆ ಆ ಕಿವಿರು ದಂಡ ಅಲ್ಲ ಅಂತ ಮೇಲೆ ಹೇಳಿದ್ದೇನೆ. ಮುಚ್ಚಳ ಗಟ್ಟಿಯಾಗಿರಬೇಕು, ಬೆದರಿದರೆ ಹಾರುತ್ತದೆ. ಅದೇ ಮುಚ್ಚಳ ನೀರಿಗೆ ಅಂಟಿಕೊಂಡಂತೆ ಇದ್ದರೆ ಉಸಿರು ಕಟ್ಟಿ ಸಾಯುತ್ತದೆ. ನಡುವೆ ಗಾಳಿಗೆ ಧಾರಾಳ ಜಾಗ ಬಿಡಬೇಕು. ನೀರು 25ರಿಂದ 30 ಡಿಗ್ರಿ ಇರಬೇಕು. ಬೆಂಗಳೂರು, ಮಡಿಕೇರಿಯ ಚಳಿಗಾಲದಲ್ಲಿ 36,000 ಲೀಟರ್ ಬಿಸಿ ಮಾಡುವ ಬಿಲ್ಲು ನೀವೇ ಊಹಿಸಿ.

ಕಾಗದದ ಕೆಲಸವೂ ಇದೆ. ಅರಪೈಮಾ 1975ರಿಂದ ಸೈಟ್ಸ್ ಅನ್ನುವ, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಅಂದರೆ ದೇಶದಿಂದ ದೇಶಕ್ಕೆ ಮಾರಲು ಪರವಾನಗಿ ಬೇಕು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಸೈಟ್ಸ್ ಪಟ್ಟಿಯ ಪ್ರಾಣಿಗಳಿಗಾಗಿಯೇ ಅದರಲ್ಲಿ ನಾಲ್ಕನೇ ಅನುಸೂಚಿ ಇದೆ. ಅಂಥ ಜೀವಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರ ನಿಯಮಗಳು ಹೇಳುತ್ತವೆ. ಅಂಗಡಿಯವರಲ್ಲಿ ಆಮದಿನ ಕಾಗದ ಕೇಳಿ. "ಅದೆಲ್ಲಾ ಬೇಡ ಸಾರ್, ನಮ್ಮಲ್ಲೇ ಬೆಳೆಸಿದ್ದು" ಅಂದರೆ ಅಲ್ಲಿಗೆ ಬಿಟ್ಟು ಬನ್ನಿ. ನನ್ನನ್ನು ಕೇಳಿದರೆ ಕಾಗದ ಇದ್ದರೂ ಬೇಡ. ಸೊಗಸಾದ ದೇಸಿ ಮೀನುಗಳು ನಮ್ಮ ಹೊಳೆಗಳಲ್ಲೇ ಸಾಕಷ್ಟಿವೆ.

8. ಈಗಾಗಲೇ ತಂದಿದ್ದರೆ, ಅಥವಾ ನದಿಯಲ್ಲಿ ಸಿಕ್ಕರೆ

ಎಂಥ ಪರಿಸ್ಥಿತಿಯಲ್ಲೂ ಕೆರೆಗೆ, ಹೊಳೆಗೆ ಬಿಡಬೇಡಿ. ದೇವಸ್ಥಾನದ ಕಲ್ಯಾಣಿಗೂ ಬೇಡ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಮಹಾಪ್ರವಾಹ ಬಂದಾಗ ಸಾಕಣೆಯ ಕೊಳಗಳು ಒಡೆದವು. ನೀರು ಇಳಿದ ಮೇಲೆ ಚಾಲಕ್ಕುಡಿ ನದಿಯಲ್ಲಿ ಮೀನುಗಾರರ ಬಲೆಗೆ ಅರಪೈಮಾ, ಅಲಿಗೇಟರ್ ಗಾರ್ ಎರಡೂ ಬಿದ್ದವು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಅಪರೂಪದ ಮೀನುಗಳ ನದಿ ಅದು. ಬೊಲಿವಿಯಾದಲ್ಲಿ ಪೆರುವಿನ ಕಡೆಯಿಂದ ತಪ್ಪಿಸಿಕೊಂಡು ಬಂದ ಅರಪೈಮಾ ಉತ್ತರದ ನದಿಗಳಲ್ಲೆಲ್ಲ ಹರಡಿ, ಈಗ ಅಲ್ಲಿನ ಮೀನುಗಾರರ ಆದಾಯದ ದೊಡ್ಡ ಭಾಗವೇ ಆಗಿದೆ. ಬಂದದ್ದು ಹೋಗುವುದಿಲ್ಲ. ಅಷ್ಟು ದೂರದ ಮೀನೇ ಆಗಬೇಕೆಂದೂ ಇಲ್ಲ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ಅಳಿವಿನ ಅಂಚಿಗೆ ಬಂದಿರುವುದಕ್ಕೆ, ಬೇರೆ ನದಿಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಒಂದು ಕಾರಣ ಅಂತ ಸಂಶೋಧಕರು ಹೇಳುತ್ತಾರೆ. 2000ದಲ್ಲೇ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಇವತ್ತಿಗೂ ನಮ್ಮ ಕೆರೆಗಳಲ್ಲಿದೆ. ಅದೂ ಗಾಳಿ ಉಸಿರಾಡುತ್ತದೆ, ಕೊಳಚೆ ನೀರಲ್ಲೂ ಬದುಕುತ್ತದೆ.

ಮನೆಯಲ್ಲಿರುವ ಮೀನು ತೊಟ್ಟಿ ಮೀರಿ ಬೆಳೆದರೆ ಮೊದಲು ಮಾರಿದವರನ್ನೇ ಕೇಳಿ. ಆಮೇಲೆ ದೊಡ್ಡ ಕೊಳ ಇರುವ ಸಾರ್ವಜನಿಕ ಅಕ್ವೇರಿಯಂ, ಮೀನುಗಾರಿಕೆ ಇಲಾಖೆಯ ಜಿಲ್ಲಾ ಕಚೇರಿ. ಬೇರೆಯವರಿಗೆ ಕೊಟ್ಟರೆ ಆ ವರ್ಗಾವಣೆಯನ್ನೂ ನೋಂದಾಯಿಸಬೇಕು. ಸಾಗಿಸುವಾಗ ಪೆಟ್ಟಿಗೆ ಅರ್ಧ ಮಾತ್ರ ನೀರು ತುಂಬಿ, ಮೀನು ಮೂತಿ ಎತ್ತಲು ಜಾಗ ಇರಲಿ. ಯಾರೂ ತೆಗೆದುಕೊಳ್ಳದಿದ್ದರೆ ಪಶುವೈದ್ಯರ ನೆರವಿನಿಂದ ನೋವಿಲ್ಲದೆ ಕೊನೆಗಾಣಿಸುವುದೇ ಸರಿ. ಕೇಳಲು ಕಠಿಣ, ಆದರೆ ಹೊಳೆಗೆ ಬಿಡುವುದು ಅದಕ್ಕಿಂತ ಕ್ರೂರ.

ನದಿಯಲ್ಲಿ ಬಲೆಗೆ ಬಿದ್ದರೆ ಮತ್ತೆ ನೀರಿಗೆ ಹಾಕಬೇಡಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಟೇಪು ಅಥವಾ ದೋಣಿಯ ಹುಟ್ಟು ಇಟ್ಟು ಫೋಟೊ ತೆಗೆಯಿರಿ. ತಲೆಯದು ಒಂದು, ಬಾಲದ ಹತ್ತಿರದ ರೆಕ್ಕೆಗಳದು ಒಂದು, ಇಡೀ ಮೈಯದು ಒಂದು. ಎಲ್ಲಿ, ಯಾವ ದಿನ ಸಿಕ್ಕಿತು ಅಂತ ಬರೆದುಕೊಳ್ಳಿ. ಹತ್ತಿರ ಯಾವುದಾದರೂ ಕೊಳ, ಫಾರ್ಮ್ ಇದೆಯಾ ವಿಚಾರಿಸಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ, ಅವರು ಬರುವ ತನಕ ಮೀನನ್ನು ಐಸಿನಲ್ಲಿಡಿ. ಕತ್ತರಿಸುವುದಾದರೆ ಅವರು ಹೊಟ್ಟೆಯಲ್ಲಿ ಏನಿದೆ ಅಂತ ನೋಡಿದ ಮೇಲೆ.